ನೆಲಬೇವಿನ ಕಹಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮೊದಲಾದ ಸೀಮೆಗಳವರಿಗೆ ಜ್ವರಕ್ಕೆ ಕುಡಿಯುವ ನೆಲಬೇವಿನ ಕಷಾಯವು ಹೊಸದಲ್ಲ. ಈ ಗಿಡವು ಬೇವಿನ ಕುಲಕ್ಕೆ ಸೇರಿದುದಲ್ಲ, ಆಡುಸೋಗೆಯ ಕುಲದ್ದು. ಕಹಿಯೊಂದೇ ಹೆಸರಿಗೆ ಆಧಾರ. ‘ಭೂನಿಂಬ’ವೆಂಬ ಸಂಸ್ಕೃತನಾಮದ ಅರ್ಥವೂ ಇದೇ. ಆ ಕಹಿಯ ಸಾರವನ್ನು 1911ರಲ್ಲಿ ಗಾರ್ಟರ್ ಎಂಬ ರಸಾಯನಜ್ಞನು ಬೇರ್ಪಡಿಸಿ ಆಂಡ್ರೊಗ್ರಾಫೊಲೈಡ್ ಎಂದು ಕರೆದನು.

ದೇಹದ ರಕ್ಷಕ ಜೀವಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡಾಗ ಉರಿಯೂತವನ್ನೆಬ್ಬಿಸುವ ದ್ರವ್ಯಗಳು ಉತ್ಪನ್ನವಾಗುತ್ತವೆ. ಈ ಕಹಿಸಾರವು ಆ ಪ್ರೋಟೀನಿನ ಒಂದು ಸಿಸ್ಟೀನಿಗೆ ಬೆಸೆದುಕೊಂಡು ಅದನ್ನು ಅಂಟಗೊಡದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ಆದರೆ ರೋಗಾಣುಗಳನ್ನೆದುರಿಸಲು ದೇಹಕ್ಕೆ ಬೇಕಾದುದೂ ಅದೇ ಪ್ರೋಟೀನು. ಆದುದರಿಂದ ಎಷ್ಟು ತಡೆಯಬೇಕೆಂಬ ಪ್ರಮಾಣವು ನಿರ್ಣಯವಾಗದೆ, ಕೀಲುಗಳ ಉರಿಯೂತಕ್ಕೆ ಮನೆಯ ಕಷಾಯವೊಂದನ್ನೇ ನಂಬಿ ವೈದ್ಯರ ಔಷಧವನ್ನು ಬಿಡುವುದು ಯುಕ್ತವಲ್ಲ.