ಹೊಸ ಕಾರಿಗೂ ಕಲ್ಲೇ ಗತಿಯೆ?

ಮಡಿಕೇರಿಯಂಥ ಇಳಿಜಾರಿನ ಊರಲ್ಲಿ ಹ್ಯಾಂಡ್‌ಬ್ರೇಕ್ ಕೈಕೊಟ್ಟರೆ ಏನಾದೀತು ಅಂತ ಬೇರೆ ಹೇಳಬೇಕೆ? ಲಕ್ಷಗಟ್ಟಲೆ ಸುರಿದು ತಂದ ಕಾರಿನ ಟೈರಿಗೂ ಕಲ್ಲು ಕೊಟ್ಟು ನಿಲ್ಲಿಸುವವರಿದ್ದಾರೆ. ವರ್ಕ್‌ಶಾಪಿಗೆ ಬಿಟ್ಟರೆ ‘ಕೇಬಲ್ ಬಿಗಿ ಮಾಡಿದೀವಿ ಸಾರ್’ ಎಂಬ ಉತ್ತರ. ತಿಂಗಳಲ್ಲಿ ಮತ್ತೆ ಅದೇ ಪಾಡು!

ಬಿಗಿ ಮಾಡೋದೇ ರಿಪೇರಿಯಲ್ಲ ಸ್ವಾಮಿ. ಹಿಂದಿನ ಡ್ರಮ್ ಬಿಚ್ಚಿ, ಲೈನರ್ ಸವೆದಿದೆಯೆ, ಬ್ರೇಕ್ ಆಯಿಲ್ ಸೋರಿದೆಯೆ, ಅಡ್ಜಸ್ಟರ್ ಜಾಮ್ ಆಗಿದೆಯೆ ನೋಡಬೇಕು. ಅತಿ ಬಿಗಿಯಾದರೆ ಓಡುವಾಗಲೂ ಬ್ರೇಕ್ ಹಿಡಿದು ಡ್ರಮ್ ಕಾದುಹೋಗುತ್ತೆ.

ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬ್ರೇಕಿನ ಕತೆ ಬೇರೆ. ಹಿಂದಿನ ಪ್ಯಾಡ್ ಬದಲಿಸುವ ಮುನ್ನ ಅದನ್ನು ಸರ್ವಿಸ್ ಮೋಡ್‌ಗೆ ತರಬೇಕು. ಸುಮ್ಮನೆ ಕ್ಲಾಂಪ್ ಹಾಕಿ ಅದುಮಿದರೆ ಮೋಟಾರೇ ಹಾಳಾದೀತು. ಬ್ಯಾಟರಿ ಸೊರಗಿದರೂ ಎಚ್ಚರಿಕೆ ದೀಪ ಉರಿಯಬಹುದು. ಮೊದಲು ಅದನ್ನು ನೋಡಿಸಿ.

ದೂರನ್ನು ಜಾಬ್‌ಕಾರ್ಡಿನಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಗಾಡಿ ಪಡೆಯುವ ಮುನ್ನ ಮೆಕ್ಯಾನಿಕ್ ಎದುರೇ ಇಳಿಜಾರಲ್ಲಿ ನಿಲ್ಲಿಸಿ ನೋಡಿ. ವಾರಂಟಿ ಇದ್ದೂ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಕಾಯಿದೆಯಂತೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು.

ಅಲ್ಲಿಯವರೆಗೆ ಗೇರಿನಲ್ಲಿಟ್ಟು, ಚಕ್ರ ರಸ್ತೆಯಂಚಿಗೆ ತಿರುಗಿಸಿ ನಿಲ್ಲಿಸಿ. ಕಲ್ಲು ಕೊಡೋದನ್ನೂ ಮರೀಬೇಡಿ!