ಎರಡನೇ ಬಿಂದಿಗೆ

ರಾತ್ರಿ ತೋಳವಾಗಿ ಬೆಳಗ್ಗೆ ಮನುಷ್ಯನಾಗುವವನ ಕತೆ ಬರೆಯಲು ಕೂತರೆ ಮೊದಲು ಎದುರಾಗುವ ಪ್ರಶ್ನೆ: ಅವನಿಗೆ ಬೇಕಾದದ್ದೇನು? ಸಿನಿಮಾದಲ್ಲಿ ಇದನ್ನು ದಾಟಿಕೊಂಡು ಹೋಗಬಹುದು. ಕತ್ತಲು, ಊಳಿಡುವ ಸದ್ದು, ಬಾಗಿಲ ಮೇಲಿನ ಉಗುರಿನ ಗೀರು ಇದ್ದರೆ ಒಂದೂವರೆ ಗಂಟೆ ಕಳೆದುಹೋಗುತ್ತದೆ. ಓದುಗರೇ ಆಯ್ಕೆ ಮಾಡುತ್ತ ಮುಂದೆ ಸಾಗುವ ಕತೆಯಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಪ್ರತಿ ತಿರುವಿನಲ್ಲೂ ಓದುಗರು ನಿಲ್ಲುತ್ತಾರೆ. ಇವನ ಹತ್ತಿರ ಮಾತಾಡಬಹುದಾ? ಏನಾದರೂ ಕೊಟ್ಟರೆ ಸುಮ್ಮನಾಗುತ್ತಾನಾ? ಅಡ್ಡ ನಿಂತರೆ ನಿಲ್ಲುತ್ತಾನಾ? ಏನನ್ನೂ ಬಯಸದ ಪಾತ್ರದ ಬಳಿ ಈ ಯಾವ ಪ್ರಶ್ನೆಗೂ ಉತ್ತರ ಇರುವುದಿಲ್ಲ.

ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯನ್ನು ಇಟ್ಟುಕೊಂಡು ಕನ್ನಡದಲ್ಲಿ ಇಂಥದೊಂದು ಕತೆ ಕಟ್ಟುತ್ತಿದ್ದೇನೆ. ಈ ಬಗೆಯ ಬರವಣಿಗೆಗೆ ಅರ್ಧ ಶತಮಾನದ ಇತಿಹಾಸವಿದೆ. 1976ರ ಹೊತ್ತಿಗೆ ಅಮೆರಿಕದಲ್ಲಿ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಗುಹೆಯೊಳಗೆ ಅಲೆದಾಡುವ 'ಅಡ್ವೆಂಚರ್' ಎಂಬ ಕಂಪ್ಯೂಟರ್ ಆಟ ಬರೆದರು. ಬರೆಯುವವರಿಗೆ ಕೋಡಿಂಗ್ ಬರಲೇಬೇಕೆಂಬ ತೊಡಕನ್ನು ಬಹುಪಾಲು ಕಳೆದದ್ದು 2009ರಲ್ಲಿ ಕ್ರಿಸ್ ಕ್ಲಿಮಸ್ ರೂಪಿಸಿದ ಟ್ವೈನ್ ತಂತ್ರಾಂಶ. ಅದರಲ್ಲಿ ಕತೆ ಬಿಡಿಬಿಡಿ ಚೌಕಗಳಾಗಿ ಕೂರುತ್ತದೆ, ಚೌಕದಿಂದ ಚೌಕಕ್ಕೆ ಗೆರೆ ಎಳೆದರೆ ದಾರಿ. ಕನ್ನಡ ಲಿಪಿಯೂ ಅದರಲ್ಲಿ ಚೆನ್ನಾಗಿಯೇ ಕೂರುತ್ತದೆ.

ತೋಳಮಾನವನಿಗೂ ಈ ಲೋಕಕ್ಕೂ ಹಳೆಯ ನಂಟು. ಮಾಸ್ಕೋದಲ್ಲಿ 1986ರಲ್ಲಿ ಡಿಮಿಟ್ರಿ ಡೇವಿಡಾಫ್ ಕಟ್ಟಿದ 'ಮಾಫಿಯಾ' ಆಟಕ್ಕೆ 1997ರಲ್ಲಿ ತೋಳಮಾನವರ ವೇಷ ತೊಡಿಸಿದವರು ಆಂಡ್ರ್ಯೂ ಪ್ಲಾಟ್ಕಿನ್, ಈ ಬಗೆಯ ಕತೆಗಳ ದೊಡ್ಡ ಲೇಖಕ. ಆ ಆಟದಲ್ಲಿ ತೋಳಕ್ಕೆ ಕೆಲಸ ಒಂದೇ, ರಾತ್ರಿಗೊಬ್ಬರನ್ನು ಕೊಲ್ಲುವುದು. ಎದುರು ಕೂತ ಗೆಳೆಯರ ಮುಖಗಳೇ ಉಳಿದದ್ದನ್ನೆಲ್ಲ ತುಂಬುವುದರಿಂದ ಆಟ ನಡೆಯುತ್ತದೆ. ಪುಟದ ಮೇಲೆ ಆ ಮುಖಗಳಿಲ್ಲ.

ಹಾಲಿವುಡ್ ಕೊಟ್ಟ ಉತ್ತರ ಶಾಪ. 1941ರ 'ದ ವುಲ್ಫ್ ಮ್ಯಾನ್' ಚಿತ್ರಕ್ಕೆ ಕತೆ ಬರೆದ ಕರ್ಟ್ ಸಿಯೋಡ್ಮಾಕ್ ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ. ನಿನ್ನೆಯವರೆಗೆ ಸಾಧುವಾಗಿದ್ದ ನೆರೆಯವನು ಬೆಳಗಾಗುವುದರೊಳಗೆ ಮೃಗವಾಗುವುದರ ಅರ್ಥ ಅಂಥವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿತ್ರದ ನಾಯಕ ಒಳ್ಳೆಯವನು. ತೋಳ ಕಚ್ಚಿತು, ಅವನೂ ತೋಳವಾದ. ಹುಣ್ಣಿಮೆಯ ನಿಯಮ ಗಟ್ಟಿಯಾದದ್ದು 1943ರ ಮುಂದಿನ ಚಿತ್ರದಲ್ಲಿ. ಶಾಪ ಅವನಿಂದ ಕೆಲಸ ಮಾಡಿಸುತ್ತದೆ, ಅವನಲ್ಲಿ ಆಸೆಯನ್ನು ಹುಟ್ಟಿಸುವುದಿಲ್ಲ. ನೋಡುವವರಿಗೆ ಅಷ್ಟು ಸಾಕು, ಆಯ್ಕೆ ಮಾಡುವವರಿಗೆ ಸಾಲದು.

ನಮ್ಮ ಸೀಮೆಯ ರಾಕ್ಷಸರ ಹತ್ತಿರ ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂಬುದು ಊರಿನ ನಂಬಿಕೆ. ಭೀಮಲಿಂಗೇಶ್ವರನ ಗುಡಿ ಅಲ್ಲಿದೆ. ಬಕನಿಗೆ ಸಲ್ಲುತ್ತಿದ್ದದ್ದು ಬಂಡಿ ಅನ್ನ, ಎರಡು ಕೋಣ, ಜೊತೆಗೊಬ್ಬ ಮನುಷ್ಯ ಎಂಬಷ್ಟು ಎಲ್ಲರಿಗೂ ನೆನಪಿದೆ. ಬಕ ಅದನ್ನು ಸುಮ್ಮನೆ ಕಿತ್ತುಕೊಳ್ಳುತ್ತಿರಲಿಲ್ಲ ಎಂಬುದು ಮರೆತುಹೋಗಿದೆ. ಆ ನಾಡಿನ ರಾಜ ಕೈಲಾಗದವನು, ಹೊರಗಿನ ಶತ್ರುಗಳಿಂದ ಊರನ್ನು ಕಾಯುತ್ತಿದ್ದವನು ಬಕ. ಬಂಡಿ ಅನ್ನ ಅವನ ಕೂಲಿ. ಕೂಲಿಗೆ ಕಾವಲು ನಿಂತ ರಾಕ್ಷಸನ ಹತ್ತಿರ ಮಾತಾಡಬಹುದು, ಚೌಕಾಸಿ ಮಾಡಬಹುದು, ಮೋಸವನ್ನೂ ಮಾಡಬಹುದು. ಆಯ್ಕೆಯ ಕತೆಗೆ ಬೇಕಾದ ಮಣ್ಣು ಇದು.

ಬಕ ರೂಪ ಬದಲಿಸುವವನಲ್ಲ, ನಾಗ ಬದಲಿಸುವವನು. ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ ಸಾಲುಸಾಲು ನಾಗರ ಕಲ್ಲುಗಳಿವೆ, ಸಂತಾನಕ್ಕೆ ಹರಕೆ ಹೊತ್ತವರು ನಿಲ್ಲಿಸಿದವು. ಆ ನಾಗನನ್ನು ಮನುಷ್ಯನ ಮನೆಯೊಳಕ್ಕೆ ಕರೆದುಕೊಂಡು ಬಂದ ನಾಟಕ ಗಿರೀಶ ಕಾರ್ನಾಡರ 'ನಾಗಮಂಡಲ'. ಎ. ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕತೆಗಳನ್ನು ಹೆಣೆದು ಕಾರ್ನಾಡರು ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಅದನ್ನು ಬರೆದರು. ಗಂಡ ಒಲಿಯಲೆಂದು ಬೇರು ಅರೆದು ಹಾಕಿದ ಸಾರು ಕೆಂಪಗೆ ಕುದಿಯುತ್ತದೆ, ಹೆದರಿದ ನಾಯಕಿ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ, ಕುಡಿದ ನಾಗ ಅವಳನ್ನು ಮೋಹಿಸಿ ಗಂಡನ ರೂಪದಲ್ಲಿ ಬರುತ್ತಾನೆ. ಮೊದಲ ರಾತ್ರಿ ಅವನು ಬಂದದ್ದು ಆ ಬೇರಿನಿಂದಲೇ ಇರಬಹುದು. ಆಮೇಲಿನ ರಾತ್ರಿಗಳಲ್ಲಿ ನಾಯಿಯ, ಮುಂಗುಸಿಯ ಗಾಯ ಹೊತ್ತುಕೊಂಡೂ ಬರುವುದಕ್ಕೆ ಬೇರಿನ ಮಹಿಮೆ ಸಾಲದು. ಈ ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ. ಒಂದರಲ್ಲಿ ನಾಗ ಸಾಯುತ್ತಾನೆ, ನಾಟಕದೊಳಗೇ ಕತೆ ಕೇಳುತ್ತಿದ್ದವರು ಒಪ್ಪುವುದಿಲ್ಲ, ಇನ್ನೊಂದರಲ್ಲಿ ರಾಣಿಯ ಜಡೆಯಲ್ಲಿ ಅವನಿಗೆ ಜಾಗ ಸಿಗುತ್ತದೆ. ಕೇಳುಗರೇ ದಾರಿ ಬದಲಿಸುವ ಕತೆಯನ್ನು ಕನ್ನಡ ರಂಗಭೂಮಿ ಕಂಪ್ಯೂಟರಿನ ಹಂಗಿಲ್ಲದೆಯೇ ಮಾಡಿ ತೋರಿಸಿತ್ತು.

ನಾನು ಹುಡುಕುತ್ತಿದ್ದದ್ದು ಮಾತ್ರ ಸಿಕ್ಕಿದ್ದು ರಾಮಾನುಜನ್ ಅವರ ಇನ್ನೊಂದು ಕತೆಯಲ್ಲಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ ಕತೆಗಳ ದೊಡ್ಡ ಪುಸ್ತಕ ಅವರು ತೀರಿಕೊಂಡ ಮೇಲೆ, 1997ರಲ್ಲಿ, ಇಂಗ್ಲಿಷಿನಲ್ಲಿ ಹೊರಬಂತು. ನಾನು ಹೇಳುತ್ತಿರುವ ಹೂವಿನ ಮರದ ಕತೆಯ ಹೆಸರೇ ಆ ಪುಸ್ತಕಕ್ಕೂ. ಕಾರ್ನಾಡರು ಇದೇ ಕತೆಯಿಂದ 1992ರಲ್ಲಿ 'ಚೆಲುವಿ' ಚಿತ್ರ ಮಾಡಿದರು, ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದರು.

ಕೂಲಿ ಮಾಡುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಮರವಾಗುತ್ತಾಳೆ, ಹೂ ಮಾರಿ ದುಡ್ಡು ತರಲಿಕ್ಕೆ. ಎರಡು ಬಿಂದಿಗೆ ನೀರು ಬೇಕು, ಉಗುರು ಸೋಕಿರಬಾರದು. ಒಂದನ್ನು ಸುರಿದರೆ ಮರ. ಎಲೆಗೆ, ಕೊಂಬೆಗೆ ನೋವಾಗದಂತೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಅಕ್ಕ ಸುರಿದಷ್ಟು ದಿನ ಎಲ್ಲ ಸರಿಯಿರುತ್ತದೆ. ಕಿರಿಯವಳು ಮದುವೆಯಾಗಿ ಹೋದ ಮೇಲೆ ನಾದಿನಿ ಅವಳನ್ನು ತೋಪಿಗೆ ಕರೆದುಕೊಂಡು ಹೋಗಿ ಮರವಾಗಿಸುತ್ತಾಳೆ. ನಾದಿನಿಯ ಗೆಳತಿಯರು ಕೊಂಬೆ ಮುರಿಯುತ್ತಾರೆ, ಎರಡನೇ ನೀರನ್ನು ಹೇಗೋ ಚೆಲ್ಲಿ ಹೋಗುತ್ತಾರೆ. ಕೈಕಾಲಿಲ್ಲದ ಅರ್ಧ ದೇಹವಾಗಿ ಅವಳು ಉಳಿಯುತ್ತಾಳೆ. ಬಹಳ ಕಾಲದ ಮೇಲೆ ಗಂಡ ಅವಳನ್ನು ಕಂಡು, ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿ ನೀರು ಸುರಿದಾಗಲೇ ಅವಳು ಪೂರ್ತಿಯಾಗುವುದು. ಮರವಾಗಿದ್ದಾಗಲೇ ಅವಳು ಅತ್ಯಂತ ಅಸಹಾಯಕಳು ಎಂದು ರಾಮಾನುಜನ್ ಈ ಕತೆಯ ಕುರಿತ ಪ್ರಬಂಧದಲ್ಲಿ ಗುರುತಿಸಿದ್ದಾರೆ.

ಇದರ ಪಕ್ಕದಲ್ಲಿ 12ನೇ ಶತಮಾನದ ಮಾರಿ ದ ಫ್ರಾನ್ಸ್ ಬರೆದ 'ಬಿಸ್ಕ್ಲಾವ್ರೆ' ಇಟ್ಟು ಓದಿದೆ. ಬ್ರಿಟನಿಯ ಒಬ್ಬ ಯೋಧ ವಾರದಲ್ಲಿ ಮೂರು ದಿನ ತೋಳವಾಗುತ್ತಾನೆ. ಕಳಚಿದ ಬಟ್ಟೆಯನ್ನು ಕಲ್ಲಿನ ಪೊಟರೆಯಲ್ಲಿಟ್ಟಿರುತ್ತಾನೆ. ಅದು ಸಿಕ್ಕರೆ ಮಾತ್ರ ಮರಳಿ ಮನುಷ್ಯ. ಹೆಂಡತಿ ಒತ್ತಾಯಿಸಿ ಗುಟ್ಟು ಹೊರಡಿಸುತ್ತಾಳೆ, ತನ್ನನ್ನು ಬಯಸಿದ್ದ ಇನ್ನೊಬ್ಬನಿಂದ ಬಟ್ಟೆ ಕದಿಸುತ್ತಾಳೆ. ಅಲ್ಲಿಂದ ಮುಂದೆ ತೋಳದ ಪ್ರತಿ ನಡೆಗೂ ಅರ್ಥವಿದೆ. ಬೇಟೆಗೆ ಬಂದ ರಾಜನ ಪಾದಕ್ಕೆ ಬೀಳುವುದು, ಅರಮನೆಯಲ್ಲಿ ಸಾಧುವಾಗಿರುವುದು, ಹೆಂಡತಿ ಕಂಡ ಕ್ಷಣ ಮೇಲೆರಗುವುದು, ಎಲ್ಲವೂ ಆ ಒಂದು ಜೊತೆ ಬಟ್ಟೆಗಾಗಿ.

ಸಾವಿರಾರು ಮೈಲಿ ದೂರದ ಎರಡು ಕತೆಗಳು ಒಂದೇ ಜಾಗವನ್ನು ಮುಟ್ಟುತ್ತವೆ. ರೂಪ ಬದಲಿಸುವವನ ಆಸೆಯನ್ನು ನಾವು ಅವನು ಮೃಗವಾಗುವ ಗಳಿಗೆಯಲ್ಲಿ ಹುಡುಕುತ್ತೇವೆ. ಅದು ಇರುವುದು ಮರಳಿ ಬರುವ ಗಳಿಗೆಯಲ್ಲಿ. ಮರಳುವ ದಾರಿ ಯಾವತ್ತೂ ಅವನ ಕೈಯಲ್ಲಿರುವುದಿಲ್ಲ, ಇನ್ನೊಬ್ಬರ ಕೈಯಲ್ಲಿರುತ್ತದೆ. ಹಾಗಾದರೆ ಆಯ್ಕೆಯ ಕತೆಯಲ್ಲಿ ಓದುಗರು ಯಾರಾಗಬೇಕು ಎಂಬುದೂ ಇತ್ಯರ್ಥವಾಯಿತು. ಬೇಟೆಗಾರ ಬೇಡ, ತೋಳವೂ ಬೇಡ. ಎರಡನೇ ಬಿಂದಿಗೆ ಹಿಡಿದು ನಿಂತವರಾಗಬೇಕು.

ಇದನ್ನು ಶಿಡ್ಲಘಟ್ಟಕ್ಕೆ ತಂದಾಗ ಉಳಿದದ್ದೆಲ್ಲ ತಾನಾಗಿಯೇ ಜಾಗಕ್ಕೆ ಬಂತು. ಈ ಸೀಮೆಯಲ್ಲಿ ಹೊತ್ತು ಗೊತ್ತು ಎಲ್ಲವನ್ನೂ ನಿರ್ಧರಿಸುವುದು ರೇಷ್ಮೆ ಹುಳು. ಮೊಟ್ಟೆಯೊಡೆದ ಹುಳು ಗೂಡು ಕಟ್ಟಲು ಸುಮಾರು 25ರಿಂದ 28 ದಿನ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಹುಳು ತನ್ನ ಇಡೀ ಬದುಕಿನ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ತಿಂದು ಮುಗಿಸುತ್ತದೆ. ಆ ವಾರ ಹುಳು ಮನೆಯೊಳಗೆ ಸುಮ್ಮನೆ ನಿಂತರೆ ಎಲೆ ಸವೆಯುವ ಸರಸರ ಸದ್ದು ಕಿವಿಗೆ ಬೀಳುತ್ತದೆ. ಹಿಪ್ಪುನೇರಳೆ ಕಡ್ಡಿ ಹರವುತ್ತಿದ್ದ ಒಬ್ಬ ಹಿರಿಯ ಹೆಂಗಸು ಕೈ ನಿಲ್ಲಿಸದೆಯೇ ನನಗೆ ಹೇಳಿದರು: "ನಾಲ್ಕನೇ ಜ್ವರ ಎದ್ದ ಮೇಲೆ ಹಬ್ಬನೂ ಇಲ್ಲ ಹುಣ್ಣಿಮೆನೂ ಇಲ್ಲ ಕಣಪ್ಪ. ಹೊತ್ತಿಗೆ ಸೊಪ್ಪು ಬೀಳಬೇಕು, ಅಷ್ಟೆ." ಹುಣ್ಣಿಮೆಯನ್ನು ಕತೆಯಿಂದ ತೆಗೆದುಹಾಕಿದ್ದು ಆ ಮಾತು ಕೇಳಿ. ಹುಳು ಹಣ್ಣಾದರೆ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ, ಗೂಡು ಮಾರುಕಟ್ಟೆಗೆ ಹೋಗುತ್ತದೆ. ಎಳೆ ತುಂಡಾಗದಿರಲೆಂದು ಒಳಗಿನ ಜೀವವನ್ನು ಚಿಟ್ಟೆಯಾಗುವ ಮೊದಲೇ ಶಾಖಕ್ಕೆ ಕೊಡುತ್ತಾರೆ. ಅರ್ಧಕ್ಕೆ ನಿಂತ ರೂಪಾಂತರ ಇಲ್ಲಿ ದಿನನಿತ್ಯದ ವ್ಯವಹಾರ.

ನನ್ನ ಕತೆಯವನು ಹೀಗಾದ. ಬೋರ್‌ವೆಲ್ ಬತ್ತಿ ಸಾಲ ಬೆಳೆದ ಮನೆಯ ಅಣ್ಣ. ಗೊಬ್ಬರಕ್ಕೆಂದು ಹೊಲದಲ್ಲಿ ನಿಲ್ಲಿಸಿದ ಕುರಿ ಮಂದೆಯನ್ನು ರಾತ್ರಿ ಕಾಯಲು ಹೋಗುತ್ತಾನೆ, ತೋಳವಾಗಿ. ನಮ್ಮ ದೇಶದ ತೋಳ ದಟ್ಟ ಕಾಡಿನದಲ್ಲ. ಕುರುಚಲು, ಹುಲ್ಲುಗಾವಲು, ಹೊಲದ ಅಂಚಿನಲ್ಲಿ ಬದುಕುವ ಪ್ರಾಣಿ, ಕುರಿಗೂ ಬಾಯಿ ಹಾಕುತ್ತದೆ. ಅಂಥ ತೋಳಗಳನ್ನು ಮಂದೆಯಿಂದ ದೂರ ಇಡಲು ಇವನು. ಬಕನಂತೆ ಕೂಲಿಯ ಕಾವಲು, ಹೂವಿನ ಮರದ ಹುಡುಗಿಯಂತೆ ಮನೆಗಾಗಿ ಸಂಪಾದನೆ. ಬೆಳಗಿನ ಸೊಪ್ಪಿನ ಹೊತ್ತಿಗೆ ಮನುಷ್ಯನಾಗಿ ಹುಳು ಮನೆಯಲ್ಲಿರಬೇಕು, ಅವನ ಆಸೆ ಅಷ್ಟೇ. ಓದುಗರು ಅವನ ತಂಗಿ. ಕೆರೆ ಏರಿಯ ಹತ್ತಿರ ಎರಡನೇ ಬಿಂದಿಗೆ ಸುರಿಯಬೇಕಾದವಳು ಅವಳು, ಅದೇ ಹೊತ್ತಿಗೆ ಹುಳುವಿಗೆ ಸೊಪ್ಪು ಹಾಕಬೇಕಾದವಳೂ ಅವಳೇ.

ಟ್ವೈನ್‌ನಲ್ಲಿ ಇದನ್ನು ಕಟ್ಟುವುದು ಕಷ್ಟವಲ್ಲ. ನೀರು ಪೂರ್ತಿ ಬಿತ್ತೋ, ಅರ್ಧ ಚೆಲ್ಲಿತೋ ಎಂಬುದನ್ನು ಕತೆ ಒಂದು ಅಂಕಿಯಾಗಿ ನೆನಪಿಟ್ಟುಕೊಳ್ಳುತ್ತದೆ. ತಂಗಿ ಆತುರದಲ್ಲಿ ಓಡಿಬಂದು ಚೆಲ್ಲಿದರೆ ಅಣ್ಣನ ಬಲಗೈ ಪಂಜವಾಗಿಯೇ ಉಳಿಯುತ್ತದೆ. ಮುಂದಿನ ಚೌಕಗಳಲ್ಲಿ ಅವನಿಗೆ ಕುಡುಗೋಲು ಹಿಡಿಯಲಾಗುವುದಿಲ್ಲ, ಸೊಪ್ಪು ಕೊಯ್ಯುವ ಕೆಲಸವೂ ತಂಗಿಯ ಮೇಲೆ ಬೀಳುತ್ತದೆ, ನೀರಿಗೆ ಇನ್ನಷ್ಟು ತಡವಾಗುತ್ತದೆ. ಅವನು ಸಿಡುಕಿದರೆ, ಹೆದರಿದರೆ, ಕೊನೆಗೆ ಒಂದು ಕುರಿಮರಿಗೆ ಬಾಯಿ ಹಾಕಿದರೆ, ಯಾಕೆ ಹಾಗೆ ಮಾಡಿದ ಎಂದು ಯಾರೂ ಕೇಳಬೇಕಿಲ್ಲ. ಓದಿ ನೋಡಿದವರು ಅವನನ್ನು ಕೊಲ್ಲುವ ದಾರಿ ಎಲ್ಲಿದೆ ಎಂದು ಕೇಳಲಿಲ್ಲ. ಮುಂದಿನ ರಾತ್ರಿಗೆ ನೀರು ಮೊದಲೇ ತುಂಬಿಡಬಹುದಾ ಎಂದು ಕೇಳಿದರು. ಆ ಆಯ್ಕೆಯನ್ನು ಈಗ ಸೇರಿಸಿದ್ದೇನೆ.

ಕನ್ನಡದಲ್ಲಿ ಇಂಥ ಕತೆಗಳನ್ನು ಬರೆಯಬಯಸುವವರಲ್ಲಿ ಒಂದು ಕೋರಿಕೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಅಜ್ಜಿಯರು ಕನ್ನಡದಲ್ಲಿ ಅರ್ಧ, ತೆಲುಗಿನಲ್ಲಿ ಅರ್ಧ ಹೇಳುವ ರೂಪಾಂತರದ ಕತೆಗಳು ಇನ್ನೂ ಇವೆ. ಕೇಳುವಾಗ ಅವನು ಹೇಗೆ ಮೃಗವಾದ ಎಂಬಲ್ಲಿಗೆ ನಿಲ್ಲಿಸಬೇಡಿ. ಮನುಷ್ಯನಾಗಿ ಮರಳಲು ಅವನಿಗೆ ಏನು ಬೇಕಿತ್ತು, ಅದು ಯಾರ ಹತ್ತಿರ ಇತ್ತು ಎಂಬುದನ್ನು ತಪ್ಪದೆ ಕೇಳಿ ಬರೆದುಕೊಳ್ಳಿ.