ಸೊಟ್ಟ ಸ್ಟ್ರಾಬೆರಿಗೆ ಯಾರ ಕಣ್ಣೂ ತಾಗಿಲ್ಲ

ಗುಂಡ್ಲುಪೇಟೆಯ ಓದುಗರೊಬ್ಬರು ಫೋಟೊ ಸಮೇತ ಪ್ರಶ್ನೆ ಕಳಿಸಿದ್ದಾರೆ. ಊಟಿಯಿಂದ ತಂದ ಸ್ಟ್ರಾಬೆರಿ ಗಿಡ ತಾರಸಿಯ ಕುಂಡದಲ್ಲಿ ಸೊಗಸಾಗಿ ಹೂ ಬಿಟ್ಟಿದೆ. ಕಾಯಿ ಮಾತ್ರ ಒಂದೂ ನೆಟ್ಟಗಿಲ್ಲ; ಒಂದು ಮಗ್ಗುಲು ಉಬ್ಬಿದ್ದರೆ ಇನ್ನೊಂದು ಮಗ್ಗುಲು ಗಂಟುಗಂಟಾಗಿ ಮುದುಡಿದೆ. ದೃಷ್ಟಿಯಾಗಿದೆ ಎಂದು ಅತ್ತೆಯವರು ಕುಂಡದ ಪಕ್ಕ ಹಳೇ ಚಪ್ಪಲಿ ಕಟ್ಟಿದ್ದಾರಂತೆ.

ಚಪ್ಪಲಿ ಬಿಚ್ಚಿ ಎಸೆಯಿರಿ. ಕಾರಣ ಫೋಟೊದಲ್ಲೇ ಇದೆ: ಗಿಡಕ್ಕೆ ಸೊಳ್ಳೆ ಪರದೆ ಹೊದಿಸಿದ್ದೀರಿ. ಪಿಕಳಾರ ಹಕ್ಕಿಯ ಕಾಟಕ್ಕೆ ಹಾಕಿದ್ದಿರಬೇಕು. ಅದು ಜೇನನ್ನೂ ಹೊರಗೇ ನಿಲ್ಲಿಸಿದೆ.

ಸ್ಟ್ರಾಬೆರಿಯ ಮೈಮೇಲಿನ ಕಾಳುಗಳನ್ನು ನಾವು ಬೀಜ ಎನ್ನುತ್ತೇವೆ. ನಿಜಕ್ಕೂ ಒಂದೊಂದು ಕಾಳೂ ಒಂದೊಂದು ಹಣ್ಣು, ಬೀಜ ಅದರೊಳಗಿದೆ. ನಾವು ಚಪ್ಪರಿಸುವ ಕೆಂಪು ತಿರುಳು ಹೂವಿನ ಪೀಠ ಊದಿಕೊಂಡದ್ದು. ಭೂತಗನ್ನಡಿ ಹಿಡಿದು ನೋಡಿದರೆ ಎಷ್ಟೋ ಕಾಳುಗಳ ಮೇಲೆ ಒಣಗಿದ ಎಳೆಯೊಂದು ಕಾಣುತ್ತದೆ. ಆ ಕಾಳಿಗೆ ಪರಾಗ ಇಳಿದು ಬಂದ ದಾರಿ ಅದೇ. ಒಂದೇ ಹೂವಿನಲ್ಲಿ ಇಂಥ ನೂರಾರು ದಾರಿಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಪರಾಗ ಬೇಕು!

ಪರಾಗ ಸಿಕ್ಕ ಕಾಳು ಆಕ್ಸಿನ್ ಎಂಬ ಹಾರ್ಮೋನನ್ನು ಒಸರುತ್ತದೆ. ಅದು ಇಳಿದ ಕಡೆ ತಿರುಳು ಉಬ್ಬುತ್ತದೆ, ಇಳಿಯದ ಕಡೆ ಉಬ್ಬುವುದಿಲ್ಲ. 1950ರಲ್ಲಿ ನಿಟ್ಷ್ ಎಂಬ ಸಸ್ಯವಿಜ್ಞಾನಿ ಇದನ್ನು ತೋರಿಸಿಕೊಟ್ಟ ರೀತಿ ನನಗೆ ಬಹಳ ಇಷ್ಟ. ಎಳೆಗಾಯಿಯ ಕಾಳುಗಳನ್ನೆಲ್ಲ ಕಿತ್ತರೆ ಬೆಳವಣಿಗೆ ನಿಂತಿತು. ಒಂದೇ ಕಾಳು ಉಳಿಸಿದರೆ ಅದರ ಸುತ್ತ ಮಾತ್ರ ಗುಬುಟು ಎದ್ದಿತು. ಕಾಳುಗಳನ್ನೆಲ್ಲ ತೆಗೆದು ಆಕ್ಸಿನ್ ಮುಲಾಮು ಸವರಿದರೆ ಕಾಯಿ ಮತ್ತೆ ಬೆಳೆಯಿತು. ನಿಮ್ಮ ಸೊಟ್ಟಗಾಯಿಯಲ್ಲೂ ಮುದುಡಿದ ಕಡೆ ಕಾಳುಗಳು ಸಣ್ಣದಾಗಿ ಒತ್ತೊತ್ತಾಗಿವೆ, ನೋಡಿ. ಸ್ವಂತ ಪರಾಗ, ಗಾಳಿ ಸೇರಿ ಅರ್ಧ ಕೆಲಸ ಮಾಡಿವೆ. ಉಳಿದದ್ದು ಜೇನಿನ ಪಾಲು. ಸೂರ್ಯಕಾಂತಿ ಬೆಳೆಯುವ ನಿಮ್ಮ ಊರಿನ ರೈತರಿಗೆ ಜೇನು ಬಾರದ ಹೊಲದಲ್ಲಿ ಜೊಳ್ಳು ಹೆಚ್ಚುವುದು ಗೊತ್ತೇ ಇದೆ.

ಈ ಗಿಡದ ಹುಟ್ಟೇ ಪರಾಗದ ಕಥೆ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ ಚಿಲಿ ದೇಶದಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದ. ದಡ ಮುಟ್ಟಿ ಬದುಕಿದ್ದು 5, ಅಷ್ಟೂ ಹೆಣ್ಣು. ಹೂ ಬಿಟ್ಟವು, ಕಾಯಿ ಕಟ್ಟಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ತಳಿ ಪಕ್ಕದಲ್ಲಿ ಬಂದ ಮೇಲಷ್ಟೇ ಫಲ ಬಂತು. ಆ ಎರಡರ ಮಿಶ್ರ ಸಂತಾನವೇ ಇಂದಿನ ತೋಟದ ಸ್ಟ್ರಾಬೆರಿ ಎಂದು 1766ರಲ್ಲಿ ದ್ಯುಷೇನ್ ಎಂಬ ಸಸ್ಯವಿಜ್ಞಾನಿ ಗುರುತಿಸಿದ. ಬಂಡೀಪುರದಾಚೆಯ ನೀಲಗಿರಿಯ ಹೆಸರು ಹೊತ್ತ ಕಾಡು ಸ್ಟ್ರಾಬೆರಿಯೂ ಒಂದಿದೆ, ಫ್ರಗೇರಿಯಾ ನಿಲ್ಗೆರೆನ್ಸಿಸ್. ಅದರ ಹಣ್ಣು ಬಿಳಿಚು.

ಚಾಮರಾಜನಗರ ಸೀಮೆಯಲ್ಲಿ ಹಿಂಗಾರು ತಗ್ಗುತ್ತಲೇ ನೆಟ್ಟರೆ ಚಳಿಯಲ್ಲಿ ಹೂ ಬರುತ್ತದೆ. ಗಿಡದ ನಡುಕುಡಿ ಮಣ್ಣಿನಲ್ಲಿ ಹೂತುಹೋಗದಿರಲಿ, ಕೊಳೆಯುತ್ತದೆ. ಹೂ ಅರಳಿದಾಗ ಪರದೆ ತೆಗೆಯಿರಿ, ಕೀಟನಾಶಕ ಮುಟ್ಟಬೇಡಿ. ತುಡುವೆಯೋ ನಸರಿಯೋ ಬಂದೀತು. ಬಾರದಿದ್ದರೆ ಮೃದುವಾದ ಕುಂಚದಿಂದ ಹೂವಿನ ನಡುವನ್ನು ಸುತ್ತಲೂ ನವಿರಾಗಿ ಸವರಿ. ಕಾಯಿ ಕಟ್ಟಿದ ಮೇಲೆ ಪರದೆ ಮತ್ತೆ ಹಾಕಿ.

ಅತ್ತೆಯವರು ಇನ್ನೂ ಒಪ್ಪದಿದ್ದರೆ, ದಳ ಉದುರಿದ ಎಳೆಗಾಯಿಯೊಂದರ ಒಂದೇ ಮಗ್ಗುಲಿನ ಕಾಳುಗಳನ್ನು ಅವರ ಎದುರಿಗೇ ಸೂಜಿಯಿಂದ ಎಬ್ಬಿಸಿ ತೆಗೆಯಿರಿ, ದಾರ ಕಟ್ಟಿ ಗುರುತು ಮಾಡಿ. ಕೆಲವು ವಾರಗಳಲ್ಲಿ ಹಣ್ಣು ಯಾವ ಕಡೆ ಮುದುಡುತ್ತದೆ ಎಂದು ಅವರಿಗೇ ಮೊದಲು ಹೇಳಿಟ್ಟಿರಿ.